ನ್ಯೂಟ್ರಾನ್ ‘ಚದುರಿಕೆ’ಯೋ ‘ವಿಸರಣ’ವೋ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಗೋಡೆಪತ್ರಿಕೆಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಜೀವಕೋಶದ ಒಳರಚನೆಯನ್ನು ನ್ಯೂಟ್ರಾನ್ ಹಾಯಿಸಿ ತಿಳಿಯುವ ಬಗೆಯ ಕುರಿತು. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಸ್ಕ್ಯಾಟರಿಂಗ್’ಗೆ, ಅಂದರೆ ಕಣವೋ ಬೆಳಕೋ ಏನಕ್ಕಾದರೂ ತಾಗಿ ದಿಕ್ಕು ಬದಲಿಸಿ ಹೋಗುವುದಕ್ಕೆ, ಏನನ್ನೋಣ?

ನಮ್ಮೂರಲ್ಲಿ ಈ ತೊಡಕು ಸ್ವಲ್ಪ ಜಾಸ್ತಿ. ಪಕ್ಕದ ಕ್ಲಾಸಿನ ಮಲಯಾಳಂ ಮಕ್ಕಳಿಗೆ ಅದು ‘ವಿಸರಣಂ’. ಆಕಾಶ ನೀಲಿಯಾಗಿ ಕಾಣುವುದು ಅವರ ಪಾಲಿಗೆ ವಿಸರಣದಿಂದ. ಕನ್ನಡದಲ್ಲಿ ‘ವಿಸರಣ’ ಅಂದರೆ ಡಿಫ್ಯೂಷನ್. ಊದುಬತ್ತಿಯ ಪರಿಮಳ ಕೋಣೆಯೆಲ್ಲ ಹರಡುತ್ತದಲ್ಲ, ಅದು. ಸಾಲದ್ದಕ್ಕೆ ಜೀವಕೋಶದ ಪಾಠದಲ್ಲಿ ಆಮ್ಲಜನಕದ ವಿಸರಣ ಬೇರೆ ಇದೆ! ‘ಜೀವಕೋಶದಲ್ಲಿ ನ್ಯೂಟ್ರಾನ್ ವಿಸರಣ’ ಎಂದು ಬರೆದರೆ, ನ್ಯೂಟ್ರಾನುಗಳು ಒಳಗೆ ಸುಮ್ನೆ ಹಬ್ಬಿಕೊಂಡವು ಎಂದೇ ಮಕ್ಕಳು ತಿಳಿಯುತ್ತಾರೆ.

ನನ್ನ ಒಲವು ‘ಚದುರಿಕೆ’ಯ ಕಡೆಗೆ. ಆದರೆ ಕರಡು ಓದಿದ ಹುಡುಗಿ ಕೇಳಿದ್ದು, “ಕೋಶವೇ ಚದುರಿ ಹೋಗುತ್ತದಾ ಟೀಚರ್?” ತಪ್ಪು ಅವಳದ್ದಲ್ಲ. ಚದುರುವುದು ನ್ಯೂಟ್ರಾನ್, ಚದುರಿಸುವುದು ಪರಮಾಣುವಿನ ನ್ಯೂಕ್ಲಿಯಸ್. ‘ಜೀವಕೋಶದ ನ್ಯೂಟ್ರಾನ್ ಚದುರಿಕೆ’ ಎಂದಾಗ ಅದು ತಿಳಿಯುವುದೇ ಇಲ್ಲ. ‘ಕೋಶಕ್ಕೆ ತಾಗಿ ನ್ಯೂಟ್ರಾನ್ ಚದುರುವುದು’ ಎಂದು ಬಿಡಿಸಿ ಬರೆದರೆ ಸಾಕೇ?

ಇನ್ನೂ ಕಷ್ಟದ್ದು ‘ಕಾಂಟ್ರಾಸ್ಟ್ ಮ್ಯಾಚಿಂಗ್’. ಮಾಮೂಲಿ ಹೈಡ್ರೋಜನ್ ಮತ್ತು ಭಾರಜಲದಲ್ಲಿ ಅದರ ಬದಲಿಗಿರುವ ಹೆಚ್ಚು ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ನ್ಯೂಟ್ರಾನನ್ನು ತೀರಾ ಬೇರೆ ಬೇರೆ ಥರ ಚದುರಿಸುತ್ತವೆ. ಹಾಗಾಗಿ ನೀರಿಗೆ ಭಾರಜಲ ಬೆರೆಸುತ್ತಾ ಹೋದರೆ ಶೇ. 40ರ ಸುಮಾರಿಗೆ ಪ್ರೋಟೀನ್ ನ್ಯೂಟ್ರಾನಿನ ಕಣ್ಣಿಗೆ ನೀರಿನಂತೆಯೇ ಆಗಿ ಮರೆಯಾಗುತ್ತದೆ. ಶೇ. 65ರ ಸುಮಾರಿಗೆ ಡಿಎನ್‌ಎ. ಒಂದನ್ನು ಮರೆ ಮಾಡಿ ಇನ್ನೊಂದನ್ನು ನೋಡುವ ಉಪಾಯ. (‘ಭಾರಜಲ’ ಅಂದಾಗ ಅರ್ಧ ಕ್ಲಾಸು ಬಾವಿಯ ಗಡಸು ನೀರು ಅಂದುಕೊಂಡಿತ್ತು, ಅದು ಬೇರೆ ಕತೆ.) ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜ ನೋಡಿ: ಸುತ್ತಲಿನ ಲೋಳೆ ನೀರಿನಲ್ಲಿ ಕಾಣುವುದಿಲ್ಲ, ನಡುವಿನ ಕಪ್ಪು ಚುಕ್ಕೆ ಮಾತ್ರ ಕಾಣುತ್ತದೆ. ಮಕ್ಕಳಿಗೆ ಇದು ಥಟ್ಟನೆ ಹೊಳೆಯಿತು.

ಹೋಲಿಕೆ ಸಿಕ್ಕಿತು, ಪದ ಸಿಗಲಿಲ್ಲ. ‘ವೈದೃಶ್ಯ ಹೊಂದಾಣಿಕೆ’ ಎಂದರು ಒಬ್ಬ ಗೆಳತಿ. ಹೊಂದಾಣಿಕೆ ಅಂದರೆ ನಮ್ಮಲ್ಲಿ ಗಂಡ ಹೆಂಡಿರದ್ದು! ನಾನು ‘ಮರೆಸುವ ಬೆರಕೆ’ ಎಂದು ಬರೆದೆ. ಆದರೆ ‘ಮರೆಸು’ವಿಗೆ ಮರೆವಿನ ಅರ್ಥವೂ ಇದೆ, ‘ಬೆರಕೆ’ ಅಂದರೆ ಹಾಲಿಗೆ ನೀರು ಹಾಕಿದ ನೆನಪು, ಅಲ್ವಾ? ‘ಮರೆಹದ’ ಹೇಗೆ? ಪಾಕದ ಹದ, ಮಣ್ಣಿನ ಹದ ಇದ್ದ ಹಾಗೆ.

ಶುಕ್ರವಾರ ಗೋಡೆಗೆ ಅಂಟಿಸಬೇಕು. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.