ಗುಪ್ತ ಪೊಲೀಸ್ ಮುಖ್ಯಸ್ಥ ಲಂಡನ್‌ಗೆ ರಾಯಭಾರಿ ಆಗಿದ್ದು ಬಡ್ತಿಯೋ, ಎತ್ತಂಗಡಿಯೋ?

ಸಪ್ತಾಪುರ ರೂಮ್ ನಂಬರ್ 4:
ಧಾರವಾಡದಲ್ಲಿ ಕೆಎಎಸ್‌ಗೆ ಓದುತ್ತಿದ್ದೇನೆ. ರಷ್ಯಾ-ತುರ್ಕಿ ಯುದ್ಧ ಮುಗಿದ ಮೇಲೆ ಯುರೋಪಿನ ದೊಡ್ಡ ದೇಶಗಳು ಸೇರಿದ 1878ರ ಬರ್ಲಿನ್ ಕಾಂಗ್ರೆಸ್ ಅಂದ್ರೆ ನಮ್ಮ ಕ್ಲಾಸ್ ನೋಟ್ಸ್‌ನಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್, ಇಂಗ್ಲೆಂಡಿನ ಪ್ರಧಾನಿ ಡಿಸ್ರೇಲಿ ಬಿಟ್ಟರೆ ಬೇರೆ ಹೆಸರೇ ಇಲ್ಲ. ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ತಿರುವುವಾಗ ರಷ್ಯಾ ಕಡೆಯಿಂದ ಕೌಂಟ್ ಪ್ಯೋತರ್ ಶುವಾಲೋವ್ ಅಂತ ಒಬ್ಬ ಸಿಕ್ಕ. ದೊಡ್ಡ ಮನೆತನ, ಆಮೇಲೆ ಪೊಲೀಸ್, ಅದೂ ಗುಪ್ತ ಪೊಲೀಸ್‌ಗೇ ಮುಖ್ಯಸ್ಥ, ಅಲ್ಲಿಂದ ನೇರ ಲಂಡನ್‌ನಲ್ಲಿ ರಾಯಭಾರಿ! ಇದು ಬಡ್ತಿನಾ? ಪೊಲೀಸ್ ಆಗಿದ್ದವನಿಗೆ ಆ ಕೆಲಸ ಒಗ್ಗಿತಾ? ನಮ್ಮ ದೇಶಕ್ಕೂ ಇವನಿಗೂ ಏನಾದರೂ ಸಂಬಂಧ ಇದ್ದರೆ ಅದನ್ನೂ ಹೇಳಿ, ಉತ್ತರದಲ್ಲಿ ಒಂದು ಸಾಲು ಜಾಸ್ತಿ ಬರೆಯಬಹುದು.

ಗದಗ ಮಾಸ್ತರ:
ತಮ್ಮಾ, ಎತ್ತಂಗಡಿನೇ. ಆದ್ರೆ ಗೌರವದ ಎತ್ತಂಗಡಿ.

ಮೊದಲು ಅವನ ಕೈಯಲ್ಲಿ ಎಷ್ಟು ಅಧಿಕಾರ ಇತ್ತು ಅಂತ ತಿಳಿದುಕೋ. ಹುಟ್ಟಿದ್ದು 1827ರಲ್ಲಿ. ಮೂವತ್ತಕ್ಕೇ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನ ಪೊಲೀಸ್ ಮುಖ್ಯಸ್ಥ. ಮುಂದೆ ಸ್ವಲ್ಪ ಕಾಲ ಬಾಲ್ಟಿಕ್ ಪ್ರಾಂತಗಳಿಗೆ ಗವರ್ನರ್ ಜನರಲ್. 1866ರ ಏಪ್ರಿಲ್‌ನಲ್ಲಿ ಕರಕೋಜೋವ್ ಅನ್ನೋ ಹುಡುಗ ರಷ್ಯಾದ ದೊರೆ ತ್ಸಾರ್ 2ನೇ ಅಲೆಕ್ಸಾಂಡರ್ ಮೇಲೆ ಗುಂಡು ಹಾರಿಸಿದ, ಗುರಿ ತಪ್ಪಿತು. ಕಾವಲು ಕಾಯಬೇಕಿದ್ದ ಹಳೆಯ ಮುಖ್ಯಸ್ಥ ದೊಲ್ಗೊರುಕೋವ್ ಮನೆಗೆ ಹೋದ, ಆ ಕುರ್ಚಿಗೆ ಶುವಾಲೋವ್ ಬಂದ. ಮೂರನೇ ವಿಭಾಗ ಅಂತ ಕರೆಯುತ್ತಿದ್ದ ಗುಪ್ತ ಪೊಲೀಸ್ ಇಲಾಖೆ ಮತ್ತು ಜೆಂಡಾರ್ಮ್ ಅನ್ನೋ ಸಶಸ್ತ್ರ ಪೊಲೀಸ್ ಪಡೆ, ಎರಡೂ ಅವನ ಕೈಗೆ. ಮಂತ್ರಿಗಳ ಗೊಡವೆಯೇ ಇಲ್ಲ, ವರದಿ ನೇರ ತ್ಸಾರ್‌ಗೆ. ಯಾರು ಮಂತ್ರಿ ಆಗಬೇಕು, ಯಾರು ಗವರ್ನರ್ ಆಗಬೇಕು ಅನ್ನೋದರಲ್ಲೂ ಅವನ ಮಾತು ನಡೆಯುತ್ತಿತ್ತು. ಪ್ಯೋತರ್ ಅಂದ್ರೆ ಪೀಟರ್, ಆ ಹೆಸರಿನ ಮೂವರು ತ್ಸಾರ್‌ಗಳು ಆಗಿಹೋಗಿದ್ದರು; ಜನ ಇವನನ್ನು ‘ನಾಲ್ಕನೇ ಪೀಟರ್’ ಅಂತ ಆಡಿಕೊಂಡರು, ಅಂದ್ರೆ ಕಿರೀಟ ಇಲ್ಲದ ತ್ಸಾರ್!

ಅಷ್ಟು ಬೆಳೆದವನನ್ನು ಯಾವ ದೊರೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ ಹೇಳು? ಅದರ ಮೇಲೆ ತ್ಸಾರ್‌ನ ಪ್ರೇಯಸಿ ಕ್ಯಾಥರೀನ್ ದೊಲ್ಗೊರುಕೋವಾ ಬಗ್ಗೆ ಇವನು ಅಲ್ಲಿ ಇಲ್ಲಿ ಹಗುರವಾಗಿ ಮಾತಾಡಿದ, ಅದು ದೊರೆಯ ಕಿವಿಗೆ ಬಿತ್ತು ಅಂತ ಹೇಳುತ್ತಾರೆ. 1874ರಲ್ಲಿ ಲಂಡನ್‌ಗೆ ಹೊರಡು ಅಂತ ಆಯ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಹಳೇ ಹುಬ್ಬಳ್ಳಿ ಮಂದಿ:
ಮಾಸ್ತರ, ಪೂರ್ತಿ ಒಪ್ಪಲ್ಲ ರೀ. ಲಂಡನ್ ಅವನಿಗೆ ಹೊಸ ಊರೇನಲ್ಲ. 1873ರ ಜನವರಿಯಲ್ಲೇ ತ್ಸಾರ್ ಅವನನ್ನು ಅಲ್ಲಿಗೆ ಕಳಿಸಿದ್ದ. ಮಧ್ಯ ಏಷ್ಯಾದ ಖೀವಾ ರಾಜ್ಯದ ಮೇಲೆ ನಮ್ಮ ದಂಡು ಹೋಗುತ್ತೆ, ಆದ್ರೆ ಅದನ್ನು ನಾವು ಇಟ್ಟುಕೊಳ್ಳಲ್ಲ ಅಂತ ಇಂಗ್ಲೆಂಡಿನ ವಿದೇಶಾಂಗ ಮಂತ್ರಿ ಗ್ರ್ಯಾನ್‌ವಿಲ್‌ಗೆ ಮಾತು ಕೊಟ್ಟು ಬಂದ. ಅದೇ ವರ್ಷ ಖೀವಾ ಬಿತ್ತು. ಖಾನ್ ಹೆಸರಿಗಷ್ಟೇ ಉಳಿದ, ಅಮು ದರಿಯಾದ ಬಲದಂಡೆ ರಷ್ಯಾಕ್ಕೆ ಸೇರಿತು. ಮಾತು ಕೊಟ್ಟವನನ್ನೇ ಮರುವರ್ಷ ಅಲ್ಲಿಗೆ ರಾಯಭಾರಿ ಮಾಡಿ ಕಳಿಸಿದರು, ಧೈರ್ಯ ನೋಡಿ! ಆದ್ರೂ ಇಂಗ್ಲಿಷರು ಅವನನ್ನು ದೂರ ಇಡಲಿಲ್ಲ, ಯಾಕಂದ್ರೆ ತ್ಸಾರ್ ಮಗಳು ಮರಿಯಾಳನ್ನು ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್‌ಗೆ ಕೊಡುವ ಮಾತುಕತೆಯಲ್ಲೂ ಇವನು ಓಡಾಡಿದ್ದ, 1874ರ ಜನವರಿಯಲ್ಲಿ ಮದುವೆಯೂ ಆಗಿತ್ತು. ಹಾಗಾಗಿ ಸುಮ್ನೆ ಎಸೆದದ್ದಲ್ಲ, ಆ ಕೆಲಸಕ್ಕೆ ಬೇಕಾದವನನ್ನೇ ಕಳಿಸಿದ್ದು.

ಇನ್ನು ಪೊಲೀಸ್ ಅನುಭವ ಉಪಯೋಗಕ್ಕೆ ಬಂತಾ? ಒಂದು ತಮಾಷೆ ಕೇಳಿ. ತುರ್ಕಿಯನ್ನು ಸೋಲಿಸಿದ್ದ ರಷ್ಯಾಕ್ಕೂ ಇಂಗ್ಲೆಂಡಿಗೂ 1878ರ ಮೇ ತಿಂಗಳಲ್ಲಿ ಯುದ್ಧ ಹೊತ್ತಿಕೊಳ್ಳೋ ಹಾಗಿತ್ತು. ಇವನು ಲಂಡನ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಓಡಿ, ದಾರಿಯಲ್ಲಿ ಬಿಸ್ಮಾರ್ಕ್‌ನ ಮನೆಗೂ ಹೋಗಿ ಮಾತಾಡಿ, ಮೇ 30ಕ್ಕೆ ಇಂಗ್ಲೆಂಡಿನ ಆಗಿನ ವಿದೇಶಾಂಗ ಮಂತ್ರಿ ಸಾಲಿಸ್‌ಬರಿ ಜೊತೆ ಗುಟ್ಟಾಗಿ ಒಪ್ಪಂದಕ್ಕೆ ಸಹಿ ಹಾಕಿದ. ಬ್ರಿಟಿಷ್ ವಿದೇಶಾಂಗ ಕಚೇರಿಯಲ್ಲಿ ಚಾರ್ಲ್ಸ್ ಮಾರ್ವಿನ್ ಅಂತ ಒಬ್ಬ ದಿನಗೂಲಿಯಂಥ ಗುಮಾಸ್ತ, ನಕಲು ಬರೆಯೋ ಕೆಲಸ. ಅವನು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ‘ಗ್ಲೋಬ್’ ಪತ್ರಿಕೆಗೆ ಮಾರಿಬಿಟ್ಟ. ಜೂನ್ 13ಕ್ಕೆ ಬರ್ಲಿನ್ ಸಭೆ ಶುರು, 14ಕ್ಕೆ ಪೂರ್ತಿ ಒಪ್ಪಂದ ಪೇಪರಿನಲ್ಲಿ! ಎಂಟು ವರ್ಷ ಇಡೀ ರಷ್ಯಾದ ಗುಟ್ಟು ಕಾದವನ ಗತಿ ಇದು. ಮಾರ್ವಿನ್‌ನನ್ನು ಹಿಡಿದರು, ಆದ್ರೆ ಶಿಕ್ಷಿಸೋಕೆ ಕಾನೂನೇ ಇರಲಿಲ್ಲ, ಬಿಟ್ಟರು. 1889ರಲ್ಲಿ ಇಂಗ್ಲೆಂಡಿಗೆ ಬಂದ ಅಧಿಕೃತ ರಹಸ್ಯ ಕಾಯ್ದೆಯ ಹಿಂದೆ ಇಂಥ ಪ್ರಕರಣಗಳಿವೆ.

ಹಾವೇರಿ ಓದುಗಿ:
ಇಬ್ಬರೂ ಬರ್ಲಿನ್ ಬಗ್ಗೆ ಹೇಳಲೇ ಇಲ್ಲವಲ್ಲ! ರಷ್ಯಾ ತಂಡದ ಮುಖ್ಯಸ್ಥ, ಅಲ್ಲಿನ ವಿದೇಶಾಂಗ ಮಂತ್ರಿ ಗೊರ್ಚಕೋವ್, ವಯಸ್ಸು 80ರ ಹತ್ತಿರ, ಮೈಯಲ್ಲಿ ಹುಷಾರಿಲ್ಲ, ಆದ್ರೆ ಹೆಸರು ಬಿಟ್ಟುಕೊಡಲ್ಲ. ದಿನದಿನದ ಚೌಕಾಸಿ ಎಲ್ಲ ಶುವಾಲೋವ್ ತಲೆ ಮೇಲೆ. ಮಾರ್ಚ್‌ನಲ್ಲಿ ರಷ್ಯಾ-ತುರ್ಕಿ ನಡುವಿನ ಸಾನ್ ಸ್ಟೆಫಾನೋ ಒಪ್ಪಂದದಲ್ಲಿ ಹುಟ್ಟಿದ ದೊಡ್ಡ ಬಲ್ಗೇರಿಯಾವನ್ನು ಇಲ್ಲಿ ಮೂರು ತುಂಡು ಮಾಡಿದರು: ಬಾಲ್ಕನ್ ಬೆಟ್ಟದ ಉತ್ತರಕ್ಕೆ ಒಂದು ಸಂಸ್ಥಾನ, ದಕ್ಷಿಣಕ್ಕೆ ತುರ್ಕಿ ಸುಲ್ತಾನನ ಕೆಳಗೆ ಪೂರ್ವ ರುಮೇಲಿಯಾ, ಮೆಸಿಡೋನಿಯಾ ಪೂರ್ತಿ ಸುಲ್ತಾನನಿಗೆ ವಾಪಸ್. ಆದ್ರೂ ಕಾರ್ಸ್, ಅರ್ದಹಾನ್, ಬಾತುಮ್, ದಕ್ಷಿಣ ಬೆಸರಾಬಿಯಾ ರಷ್ಯಾಕ್ಕೇ ಉಳಿದವು. ಇನ್ನೊಂದು ಯುದ್ಧ ಮಾಡೋ ಶಕ್ತಿ ಇಲ್ಲದ ದೇಶಕ್ಕೆ ಇದು ಕಮ್ಮಿನಾ? ಊರಿಗೆ ಹೋದರೆ ಬೈಗುಳ. ಸ್ಲಾವ್ ಅಭಿಮಾನಿಗಳು ದೇಶ ಮಾರಿದ ಅಂದರು, ಗೊರ್ಚಕೋವ್ ಕೈ ತೊಳೆದುಕೊಂಡ. 1879ರಲ್ಲಿ ಇವನನ್ನು ವಾಪಸ್ ಕರೆಸಿಕೊಂಡರು, ಮತ್ತೆ ದೊಡ್ಡ ಹುದ್ದೆ ಸಿಗಲೇ ಇಲ್ಲ. ನನ್ನ ಪ್ರಕಾರ ನಿಜವಾದ ಎತ್ತಂಗಡಿ ಇದು ಮಾಸ್ತರ, 1874ರದ್ದಲ್ಲ.

ನಮ್ಮ ದೇಶದ ಸಂಬಂಧ ಕೇಳಿದ್ದೀರಿ. ಆ ವಸಂತದಲ್ಲಿ ರಷ್ಯಾವನ್ನು ಹೆದರಿಸೋಕೆ ಡಿಸ್ರೇಲಿ ಮುಂಬೈಯಿಂದ ಸುಮಾರು 7,000 ಭಾರತೀಯ ಸಿಪಾಯಿಗಳನ್ನು ಮಾಲ್ಟಾಕ್ಕೆ ಸಾಗಿಸಿದ. ರಷ್ಯಾದ ದೂತ ಸ್ತೊಲೆತೋವ್ ಕಾಬೂಲಿಗೆ ಬಂದ, ಅದಕ್ಕೆ ಇಂಗ್ಲಿಷರು ಕೆರಳಿ ನವೆಂಬರ್‌ನಲ್ಲಿ ಎರಡನೇ ಆಫ್ಘನ್ ಯುದ್ಧ ಶುರುವಾಯ್ತು. ನಮ್ಮ ಧಾರವಾಡ, ಕಲಾದಗಿ ಸೀಮೆ 1876–78ರ ಬರದಲ್ಲಿ ಸಾಯುತ್ತಿದ್ದ ಹೊತ್ತು ಅದು. ಇಂಗ್ಲಿಷರ ಲಕ್ಷ್ಯ ಎಲ್ಲಿತ್ತು ಅಂತ ತೋರಿಸೋಕೆ ಬರೀರಿ, ಆದ್ರೆ ಶುವಾಲೋವ್‌ಗೆ ಗಂಟು ಹಾಕಬೇಡಿ.

ಸಪ್ತಾಪುರ ರೂಮ್ ನಂಬರ್ 4:
ಮೂವರಿಗೂ ಥ್ಯಾಂಕ್ಸ್. ಇನ್ನೊಂದು ಡೌಟ್: ಜರ್ಮನಿ-ರಷ್ಯಾ ಗುಟ್ಟಾಗಿ ಮಾಡಿಕೊಂಡ 1887ರ ಮರುವಿಮಾ ಒಪ್ಪಂದದಲ್ಲೂ ಶುವಾಲೋವ್ ಅಂತ ಇದೆ, ಇವನೇನಾ?

ಗದಗ ಮಾಸ್ತರ:
ಅಲ್ಲ. ಸಹಿ ಹಾಕಿದ್ದು ಇವನ ತಮ್ಮ ಪಾವೆಲ್, ಬರ್ಲಿನ್‌ನಲ್ಲಿ ರಾಯಭಾರಿ. ಆ ವರ್ಷದ ಜನವರಿಯಲ್ಲಿ ಅಣ್ಣ ಬಿಸ್ಮಾರ್ಕ್‌ನನ್ನು ಕಂಡು ಮಾತಾಡಿದ್ದು ನಿಜ, ಅದಕ್ಕೇ ಗೊಂದಲ. ಉತ್ತರದಲ್ಲಿ ಪ್ಯೋತರ್, ಪಾವೆಲ್ ಅಂತ ಪೂರ್ತಿ ಹೆಸರು ಬರಿ.