ಪೆಟ್ರೋಲ್ ಪೈಪು ಬದಲಾಯಿಸಲು ಒಂಬತ್ತು ದಿನ ಬೇಕೆ?

ಕುಂದಾಪುರ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು 1998ರ ಮಾರುತಿ 800, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಬಗೆಯ ಗಾಡಿ. ಟ್ಯಾಂಕಿನಿಂದ ಇಂಜಿನ್ನಿಗೆ ಬರುವ ಸ್ಟೀಲ್ ಪೈಪು ತುಕ್ಕು ಹಿಡಿದಿದ್ದರಿಂದ ಗ್ಯಾರೇಜಿಗೆ ಬಿಟ್ಟೆವು. ಒಂಬತ್ತು ದಿನ ಇಟ್ಟುಕೊಂಡು ಒಂಬತ್ತು ದಿನದ ಮಜೂರಿ ಬರೆದಿದ್ದಾರೆ. ಈ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಬೇಕು? ಬಗ್ಗಿ ನೋಡಿದರೆ ಹಳೆಯ ಪೈಪನ್ನೇ ಕತ್ತರಿಸಿ ನಾಲ್ಕು ಕಡೆ ರಬ್ಬರ್ ತುಂಡು ಸೇರಿಸಿರುವುದು ಕಾಣುತ್ತದೆ. ಬೆಳಿಗ್ಗೆ ಪೋರ್ಟಿಕೋದಲ್ಲಿ ಪೆಟ್ರೋಲ್ ವಾಸನೆ ಇರುತ್ತದೆ. ಪಕ್ಕದಲ್ಲೇ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ.

ಮೇಸ್ತ್ರಿ: ಮಜೂರಿಯ ಮಾತು ಆಮೇಲೆ. ಮೊದಲು ಗಾಡಿಯನ್ನು ಸ್ಟಾರ್ಟ್ ಮಾಡದೆ, ನ್ಯೂಟ್ರಲ್‌ಗೆ ಹಾಕಿ, ಕೈಯಿಂದ ತಳ್ಳಿ ಅಂಗಳಕ್ಕೆ ತನ್ನಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ಮೇಲೇರದೆ ನೆಲದ ಮೇಲೆ ಹರಿದು, ಬಾಗಿಲ ಸಂದಿಯಿಂದ ನಿಮ್ಮ ಗೀಸರ್ ಉರಿಯುವ ಕಡೆಗೂ ಹೋಗಬಲ್ಲದು. ವಾಸನೆ ನಿಲ್ಲುವವರೆಗೆ ಆ ಗೀಸರ್ ಹಚ್ಚಬೇಡಿ.

ಇನ್ನು ಸಮಯದ ಲೆಕ್ಕ. ಇಂಜಿನ್ ಬದಿಯ ರಬ್ಬರ್ ಹೋಸ್ ಮಾತ್ರವಾದರೆ ಅರ್ಧದಿಂದ ಒಂದು ಗಂಟೆ ಸಾಕು. ಉದ್ದಕ್ಕೂ ಹೊಸ ಪೈಪು ಎಳೆಯುವುದಾದರೆ ಪೆಟ್ರೋಲ್ ತೆಗೆದು, ಟ್ಯಾಂಕ್ ಇಳಿಸಿ, ಅಡಿಯ ಕ್ಲಿಪ್ಪುಗಳನ್ನು ಬಿಡಿಸಬೇಕಾಗುತ್ತದೆ. ಬೋಲ್ಟುಗಳು ಮಾತು ಕೇಳಿದರೆ ನಾಲ್ಕರಿಂದ ಆರು ಗಂಟೆ. ಕರಾವಳಿಯ ಗಾಡಿಯಲ್ಲಿ ಉಪ್ಪುಗಾಳಿಗೆ ತಿಂದುಹೋದ ಬೋಲ್ಟು ಸ್ಪ್ಯಾನರ್ ಹಾಕಿದೊಡನೆ ತುಂಡಾಗುವುದರಿಂದ ಪೂರ್ತಿ ಒಂದು ದಿನ ಎಂದಿಟ್ಟುಕೊಳ್ಳಿ. ಬಾಗಿಸಿಯೇ ಬರುವ ಸಿದ್ಧ ಪೈಪು ಸಿಗದಿದ್ದರೆ ಹಳೆಯದನ್ನು ಮಾದರಿಯಾಗಿಟ್ಟು, ಅದೇ ಅಳತೆಯ ನೇರ ಪೈಪನ್ನು ಬಾಗಿಸಿ, ಹೋಸ್ ಕಳಚದಂತೆ ತುದಿಗೆ ಉಬ್ಬು ತರಬೇಕು. ಅದಕ್ಕೆ ಇನ್ನೊಂದರ್ಧ ದಿನ. ಪೈಪು ಬರಲೆಂದು ಕಾದ ದಿನಗಳಿಗೆ ಮಜೂರಿ ಇರುವುದಿಲ್ಲ.

ನನಗೆ ಆತಂಕವಾಗಿರುವುದು ಆ ಒಂಬತ್ತು ದಿನಗಳಿಂದಲ್ಲ, ಒಂಬತ್ತು ದಿನ ಇಟ್ಟುಕೊಂಡೂ ಎರಡು ಗಂಟೆಯ ಕೆಲಸ ಮಾಡಿ ಕೊಟ್ಟಿರುವುದರಿಂದ. ನಾಲ್ಕು ತುಂಡು ಎಂದರೆ ಎಂಟು ಕ್ಲಿಪ್ಪು, ಎಂಟು ಕಡೆ ಸೋರಲು ದಾರಿ. ರಬ್ಬರ್ ಮೇಲೆ ಪೆಟ್ರೋಲ್ ಹೋಸ್ ಎಂದು ಅಚ್ಚಾಗಿದೆಯೇ ನೋಡಿ, ಉಗುರಿನಿಂದ ಒತ್ತಿ ನೋಡಿ. ನೀರಿನ ಹೋಸ್ ಆಗಿದ್ದರೆ ಪೆಟ್ರೋಲ್ ಕುಡಿದು ಊದಿಕೊಂಡಿರುತ್ತದೆ.

ದಾವಣಗೆರೆ: ನಮ್ಮದೂ 800. ಪೈಪು ಬದಲಾಯಿಸಲು ಎಷ್ಟು ಗಂಟೆ ಬೇಕು?

ಮೇಸ್ತ್ರಿ: ಮೇಲೆ ಬರೆದಿದ್ದೇನೆ.

ಗದಗ: ಪ್ರೀಮಿಯರ್ ಪದ್ಮಿನಿಗೆ ಟ್ಯಾಂಕಿನ ಕಡೆಯ ಪೈಪು ಈಗ ಎಲ್ಲಿ ದೊರೆಯುತ್ತದೆ?

ತುಮಕೂರು: ಇಷ್ಟೆಲ್ಲ ಖರ್ಚು ಏಕೆ? ಸೋರುವ ಜಾಗಕ್ಕೆ ಬಟ್ಟೆ ಸೋಪು ತಿಕ್ಕಿ, ಮೇಲೆ ಎಂ-ಸೀಲ್ ಮೆತ್ತಿದರೆ ವರ್ಷಗಟ್ಟಲೆ ನಿಲ್ಲುತ್ತದೆಂದು ನಮ್ಮ ಕುಟುಂಬದ ಗುಂಪಿನಲ್ಲಿ ಬಂದಿದೆ.

ಮೇಸ್ತ್ರಿ: ಈ ತಿಂಗಳಲ್ಲಿ ಈ ಸೋಪು ನನಗೆ ಬರುತ್ತಿರುವುದು ಐದನೆಯ ಸಲ. ದಾರಿಯಲ್ಲಿ ಟ್ಯಾಂಕ್ ಜಿನುಗಿದರೆ ಗ್ಯಾರೇಜು ಮುಟ್ಟುವವರೆಗೆ ಸೋಪು ತಡೆದೀತು, ಅಷ್ಟೇ. ಕಾರ್ಬ್ಯುರೇಟರ್ ಗಾಡಿಯ ಪೈಪಿನಲ್ಲಿ ಒತ್ತಡ ಒಂದು ಬಾರ್ (ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಕೂಡ ಇರುವುದಿಲ್ಲ. ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಪಂಪಿನ ಒತ್ತಡದಿಂದ ಪೆಟ್ರೋಲನ್ನು ಇಂಜಿನ್ನಿಗೆ ಸಿಂಪಡಿಸುವ ಹೊಸ ಬಗೆಯದರಲ್ಲಿ, ಸುಮಾರು ಮೂರು ಬಾರ್ ಇರುತ್ತದೆ. ಅಲ್ಲಿ ನಿಮ್ಮ ಎಂ-ಸೀಲ್ ಹಾರಿದರೆ ಪೆಟ್ರೋಲ್ ಚಿಮ್ಮುವುದು ಬಿಸಿ ಸೈಲೆನ್ಸರ್ ಪೈಪಿನ ಮೇಲೆ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮೈಸೂರು: ಮೂಲ ಕಾರಣ ಎಥೆನಾಲ್. 20% ಬೆರೆಸಿದ ಪೆಟ್ರೋಲಿಗೆ ಹಳೆಯ ಗಾಡಿಗಳನ್ನು ಮಾಡಿಯೇ ಇಲ್ಲ.

ಮಂಗಳೂರು: ಎಥೆನಾಲ್ ಕೆಡಿಸುವುದು ರಬ್ಬರನ್ನು. ಸ್ಟೀಲ್ ಪೈಪಿಗೆ ತುಕ್ಕು ತರುವುದು ಉಪ್ಪು ಮತ್ತು ಮಳೆ. ಕಡಲ ತೀರವನ್ನು ತಾವು ನೋಡಿದಂತಿಲ್ಲ.

ಮೈಸೂರು: ಎಥೆನಾಲ್ ನೀರನ್ನು ಹೀರುತ್ತದೆ, ಆ ನೀರು ಪೈಪಿನ ಒಳಗೆ ತುಕ್ಕು ತರುತ್ತದೆ. ಇಷ್ಟನ್ನು ಓದಿ ತಿಳಿಯಲು ಕಡಲು ಬೇಕಿಲ್ಲ.

ಮಂಗಳೂರು: ಓದಿದವರು ಗಾಡಿಯ ಅಡಿಗೆ ಮಲಗುವುದಿಲ್ಲವಲ್ಲ!

ಮೇಸ್ತ್ರಿ: ತುಕ್ಕು ಒಳಗಿನದೋ ಹೊರಗಿನದೋ ಎಂಬುದು ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ನೋಡಿದರೆ ತಿಳಿಯುತ್ತದೆ, ಇಲ್ಲಿ ಜಗಳವಾಡಿದರಲ್ಲ. ನಾನು ಕಂಡಂತೆ ಹೆಚ್ಚಿನವು ಕ್ಲಿಪ್ಪಿನ ಕೆಳಗೆ, ಕೆಸರು ಕೂರುವಲ್ಲಿ, ಹೊರಗಿನಿಂದ ತೂತಾಗಿರುತ್ತವೆ.

ಮೈಸೂರು: ಅಂತೂ ಕರಾವಳಿಯವರ ಪಕ್ಷ ವಹಿಸಿದಿರಿ.

ಹುಬ್ಬಳ್ಳಿ: ನಮ್ಮದು ಕಾಮನ್ ರೈಲ್ ಡೀಸೆಲ್ ಗಾಡಿ. ಪಂಪಿನಿಂದ ರೈಲಿಗೆ (ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆಗೆ) ಹೋಗುವ ಪೈಪು ಜಿನುಗುತ್ತಿದೆ. ನಾನೇ ಬಿಗಿ ಮಾಡಬಹುದೇ?

ಮೇಸ್ತ್ರಿ: ಬೇಡ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಇಂಜಿನ್ ಓಡುತ್ತಿರುವಾಗ ಕೈಯನ್ನೂ ಹತ್ತಿರ ಒಯ್ಯಬೇಡಿ.

ದಾವಣಗೆರೆ: ಮೇಲೆ ಬರೆದಿದ್ದೇನೆ ಎಂದರೆ ಎಲ್ಲಿ? ಒಂದು ಸಂಖ್ಯೆ ಹೇಳಲು ಇಷ್ಟು ಬಿಗುಮಾನವೇ?

ಕುಂದಾಪುರ: ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ನಾಲ್ಕರಲ್ಲಿ ಮೂರು ತುಂಡುಗಳ ಮೇಲೆ ಅಕ್ಷರವೇ ಇಲ್ಲ. ಉಗುರು ಒತ್ತಿದ ಗುರುತು ಹಾಗೆಯೇ ಉಳಿಯಿತು. ಹಿಂದಿನ ಚಕ್ರದ ಬಳಿಯ ಕ್ಲಿಪ್ಪಿನಡಿಯಲ್ಲಿ ಬೆರಳಿಗೆ ತೇವ ತಾಗಿತು. ಬೇರೆ ಗ್ಯಾರೇಜು ಎರಡು ಕಿಲೋಮೀಟರ್ ದೂರದಲ್ಲಿದೆ. ನಿಧಾನವಾಗಿ ಓಡಿಸಿಕೊಂಡು ಹೋಗಬಹುದೇ?

ಮೇಸ್ತ್ರಿ: ಎರಡು ಮೀಟರ್ ಕೂಡ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಎತ್ತಿಕೊಂಡು ಹೋಗುವ ಗಾಡಿ ಕರೆಸಿರಿ. ಟ್ಯಾಂಕಿನ ಬುಡದಿಂದ ಇಂಜಿನ್ನಿನವರೆಗೆ ನಡುವೆ ಜೋಡಣೆಯಿಲ್ಲದ ಒಂದೇ ಪೈಪು ಬೇಕೆಂದು ಬರೆಸಿಕೊಳ್ಳಿ. ತಾಮ್ರದ ಪೈಪು ಹಾಕುತ್ತೇವೆಂದರೆ ಒಪ್ಪಬೇಡಿ, ಅದು ನಡುಕಕ್ಕೆ ಗಡುಸಾಗಿ ಬಿರಿಯುತ್ತದೆ. ಕೆಲಸ ಮುಗಿದ ಮೇಲೆ ಇಂಜಿನ್ ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಪ್ರತಿ ತುದಿಯನ್ನೂ ಒಣಗಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿದ ನಂತರವೇ ದುಡ್ಡು ಕೊಡಿ.

ಗದಗ: ಪದ್ಮಿನಿಯ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಿದ್ದೇನೆ.

ಮಂಗಳೂರು: ಮೈಸೂರಿನವರನ್ನು ಕೇಳಿ, ಅವರು ಓದಿರುತ್ತಾರೆ.