ಕಡಲಿಗೆ ಒಡಲಲ್ಲದೆ ಬೇರೆ ಪ್ರಾಸವಿಲ್ಲವೇ?

ಪ್ರಶ್ನೆ (ಕಾರವಾರದಿಂದ):
ರಂಪಣಿ ಬಲೆಯವರ ಬದುಕಿನ ಮೇಲೆ ಹಾಡೊಂದನ್ನು ಬರೆಯುತ್ತಿದ್ದೇನೆ. ಧಾಟಿ ಸಿದ್ಧವಿದೆ, ಪ್ರಾಸ ಮಾತ್ರ ಒದಗುತ್ತಿಲ್ಲ. ‘ದೋಣಿಯ ನೂಕಿದರು, ಬಲೆಯನು ಜಗ್ಗಿದರು, ಮೀನನು ಹಂಚಿದರು’ ಎಂದು ಬರೆದು ಹಾಡಿದರೆ, ಸಾಲುಗಳೆಲ್ಲ ‘ದರು’ ಎಂದೇ ಮುಗಿದರೂ, ವರದಿ ಓದಿದಂತಿದೆ ಎಂದು ಗೆಳೆಯರು ನಗುತ್ತಾರೆ. ‘ಕಡಲು’ ಎಂಬುದಕ್ಕೆ ‘ಒಡಲು’, ‘ಮಡಿಲು’ ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ. ಅವೆರಡೂ ಬಳಸಿ ಬಳಸಿ ಸವೆದಿವೆ.

ಉತ್ತರ 1 (ಶಿರಸಿಯಿಂದ):
ತಮ್ಮ ಗೆಳೆಯರ ಕಿವಿ ಸರಿಯಾಗಿಯೇ ಇದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ದರು’ ಎಂಬ ಪ್ರತ್ಯಯ ಪುಕ್ಕಟೆಯಾಗಿ ದೊರೆಯುತ್ತದೆ. ಪುಕ್ಕಟೆ ಸಿಕ್ಕಿದ್ದನ್ನು ಕಿವಿ ಪ್ರಾಸವೆಂದು ಎಣಿಸುವುದಿಲ್ಲ. ಅದನ್ನು ಕಳಚಿ, ಉಳಿದ ಧಾತುಗಳು ಹೊಂದುತ್ತವೆಯೇ ಎಂದು ನೋಡಬೇಕು. ‘ಎಳೆದರು’, ‘ತೊಳೆದರು’, ‘ಕಳೆದರು’ ಎಂದಾಗ ‘ಳೆ’ ಮರುಕಳಿಸುವುದರಿಂದ ಪ್ರಾಸ ನಿಲ್ಲುತ್ತದೆ.

ಇನ್ನು ಪದ ಹುಡುಕುವ ಬಗೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು (ಸಾಲುಗಳ ಎರಡನೆಯ ಅಕ್ಷರ ಹೊಂದಬೇಕೆಂಬ ಕಟ್ಟನ್ನು) ಕೈಬಿಟ್ಟ ಮೇಲೆ ಹೊಸ ಕವಿತೆ ಆ ಕಟ್ಟಿನಿಂದ ಬಿಡಿಸಿಕೊಂಡಿತಾದರೂ, ಯಕ್ಷಗಾನದ ಪದ್ಯ ಬರೆಯುವವರಿಗೆ ಸಾಲುಸಾಲಿನ ಎರಡನೆಯ ಅಕ್ಷರದ ಮೇಲೆ ಇಂದಿಗೂ ಕಣ್ಣಿರುತ್ತದೆ. ಭಾಮಿನಿ ಷಟ್ಪದಿಯಾದರೆ ಆರೂ ಸಾಲುಗಳಲ್ಲಿ ಅದೇ ವ್ಯಂಜನ ಬರಬೇಕು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ (ಕಡಲು, ಒಡಲು), ದೀರ್ಘವಾದರೆ ಗಜಪ್ರಾಸ (ದೋಣಿ, ಗೋಣಿ, ಏಣಿ), ಬಿಂದುವಿದ್ದರೆ ವೃಷಭಪ್ರಾಸ. ಈ ಲೆಕ್ಕದಲ್ಲಿ ತಮ್ಮ ‘ರಂಪಣಿ’ಗೆ ‘ಕಂಪನಿ’ ಸೊಗಸಾಗಿ ಹೊಂದುತ್ತದೆ! ಎರಡನೆಯ ಅಕ್ಷರವನ್ನು ಹಿಡಿದಿಟ್ಟು, ಮೊದಲ ಅಕ್ಷರವನ್ನು ವರ್ಣಮಾಲೆಯ ಉದ್ದಕ್ಕೂ ಬಾಯಿಬಿಟ್ಟು ಹೇಳುತ್ತ ಹೋಗಿರಿ. ನಿಘಂಟು ಆಮೇಲೆ ತೆರೆದರಾಯಿತು.

ಉತ್ತರ 2 (ಅಂಕೋಲೆಯಿಂದ):
ಹಾಡಿಗೆ ಅಷ್ಟು ಶಾಸ್ತ್ರ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ನಮ್ಮೂರ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕಗಳನ್ನು ಅಂತ್ಯಪ್ರಾಸದ ಮೇಲೆ ನಿಲ್ಲಿಸಿದ್ದು ಮನೆಮಾತಿನ ಪದಗಳಿಂದ. ತೆಂಗಿನ ಗರಿಗೆ ನಾವು ‘ಮಡಲು’ ಎನ್ನುವುದಿಲ್ಲವೇ? ಅದನ್ನು ಬಿಟ್ಟು ‘ಒಡಲು’ ಹುಡುಕುವುದೇಕೆ? ಇನ್ನೊಂದು ಮಾತು: ಪ್ರಾಸಕ್ಕಾಗಿ ಹುಡುಕಿ ತಂದ ಪದವನ್ನು ಮೊದಲ ಸಾಲಿಗೂ, ತಾನಾಗಿ ಬಂದ ಪದವನ್ನು ಎರಡನೆಯ ಸಾಲಿಗೂ ಇಟ್ಟರೆ ಹೊಲಿಗೆ ಕಾಣುವುದಿಲ್ಲ. ಹಾಡುವಾಗ ಕೊನೆಯ ಉಕಾರವನ್ನು ಎಳೆದರೆ ತುಟಿ ಮುಚ್ಚಿ ದನಿ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಹಾಗೆಂದು ‘ಕಡಲೇ’ ಎಂದು ಸಂಬೋಧಿಸಲು ಹೋಗಬೇಡಿರಿ. ಒಮ್ಮೆ ನಾನು ಹಾಗೆ ಬರೆದಾಗ ಕೇಳಿದವರಿಗೆಲ್ಲ ಹುರಿಗಡಲೆಯೇ ನೆನಪಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ‘ದರು’ ಸಾಲುಗಳನ್ನೆಲ್ಲ ಹೊಡೆದುಹಾಕಿ ನಿನ್ನೆ ರಾತ್ರಿ ಪಲ್ಲವಿಯನ್ನು ಹೀಗೆ ತಿದ್ದಿದ್ದೇನೆ:

ಮಾಡಿಗೆ ಹೊದೆಸಿದ ಮಡಲು,
ಬಾಗಿಲ ತೆರೆದರೆ ಕಡಲು.

ಕೊನೆಯ ‘ಲು’ವನ್ನು ಎಳೆಯದೆ ಮೊಟಕಾಗಿ ನಿಲ್ಲಿಸಿ, ಆ ತಾವಿನಲ್ಲಿ ತಬಲಾ ತುಂಬುವಂತೆ ಹೇಳಿದ್ದೇನೆ. ‘ಕಂಪನಿ’ಯನ್ನು ಮೂರನೆಯ ಚರಣಕ್ಕೆ ಕಾದಿರಿಸಿದ್ದೇನೆ.